ದೆವ್ವವೇ ಇಲ್ಲದ ದೆವ್ವದ ಸಿನಿಮಾ

ಕಳೆದ ವಾರ ನಮ್ಮಕ್ಕ ದೆವ್ವ ಆಗಿದ್ದಳು. ಬಿಳಿ ಸೀರೆ, ಕೆದರಿದ ಕೂದಲು, ಮುಖಕ್ಕೆ ಅರ್ಧ ಡಬ್ಬಿ ಪೌಡರು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು.

ಗಾಬರಿಯಾಗಬೇಡಿ, ಸಿನಿಮಾದಲ್ಲಿ. ಅಕ್ಕನ ಮಗಳು ಸಿಂಧು ನಾಗಮಂಗಲದಲ್ಲಿ ಡಿಗ್ರಿ ಕೊನೇ ವರ್ಷ. ಅಕ್ಕಿಹೆಬ್ಬಾಳಿನ ಮನೆಯಲ್ಲೇ, ಮೊಬೈಲಿನಲ್ಲೇ, ಹತ್ತು ನಿಮಿಷದ ದೆವ್ವದ ಸಿನಿಮಾ ತೆಗೆದಳು. (ಪುಕ್ಕಟೆ ಸಿಕ್ಕ ನಟಿ ಅಮ್ಮ ಒಬ್ಬಳೇ.) ಕಾಲೇಜಿನ ಹಾಲ್‌ನಲ್ಲಿ ಹಾಕಿದರೆ, ದೆವ್ವ ಬಂದ ತಕ್ಷಣ ಶಿಳ್ಳೆ!

ಭಾನುವಾರ ಸಿಂಧು ಪಾಂಡವಪುರದ ನಮ್ಮ ಮನೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ಡಿಲೀಟ್ ಮಾಡ್ಬುಡ್ತೀನಿ ಮಾವ. ಇನ್ ಕ್ಯಾಮೆರಾ ಮುಟ್ಟಾಕಿಲ್ಲ."

"ತಡಿ" ಅಂದೆ. ನನ್ನ ಹತ್ತಿರವಿದ್ದ ಹಳೇ ಕಪ್ಪು ಬಿಳುಪು ದೆವ್ವದ ಸಿನಿಮಾ ಒಂದನ್ನು ಹಾಕಿದೆ. ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ಆದರೂ ಅರ್ಧ ಗಂಟೆಗೆ ಸಿಂಧು ಕಾಲು ಮೇಲಕ್ಕೆಳೆದುಕೊಂಡು ಕೂತಳು. ಅಲ್ಲೇ ನಿಲ್ಲಿಸಿದೆ.

"ಏನ್ ಕಾಣ್ತು?"

"ಏನೂ ಇಲ್ಲ. ಖಾಲಿ ರೂಮು."

"ಮತ್ತೆ ಕಾಲ್ಯಾಕೆ ಮೇಲೆ?"

ಅವಳೇ ಹಿಂದಕ್ಕೆ ಓಡಿಸಿ ನೋಡಿದಳು. ಮೂರು ಸಲ. ಹೆಂಗಸೊಬ್ಬಳು ರೂಮಿನಿಂದ ಹೊರಗೆ ಹೋಗುತ್ತಾಳೆ. ಕ್ಯಾಮೆರಾ ಹೋಗುವುದಿಲ್ಲ. ಅಲ್ಲೇ ನಿಂತಿರುತ್ತದೆ. ಮ್ಯೂಸಿಕ್ ಇಲ್ಲ, ಗಡಿಯಾರದ ಸದ್ದು ಮಾತ್ರ. ಆಮೇಲೆ ಅದೂ ನಿಲ್ಲುತ್ತದೆ. ಅಷ್ಟೇ!

ಆ ಕಾಲದ ಸಿನಿಮಾದವರ ಹತ್ತಿರ ಗ್ರಾಫಿಕ್ಸ್ ಇರಲಿಲ್ಲ, ಸರಿ. ಆದರೆ ಎಲ್ಲಿ ಸುಮ್ಮನಿರಬೇಕು ಅನ್ನುವುದು ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ. ದೆವ್ವವನ್ನು ತೋರಿಸಿದರೆ ನಾವು ಪೌಡರು ನೋಡುತ್ತೇವೆ. ತೋರಿಸದಿದ್ದರೆ? ನಮ್ಮ ನಮ್ಮ ದೆವ್ವವನ್ನು ನಾವೇ ತಂದು ಕೂರಿಸುತ್ತೇವೆ.

ಸಿಂಧು ಫೋನ್ ಹಿಡಿದು ಕೂತಳು. ಅಮ್ಮನ ಶಾಟ್‌ಗಳನ್ನೆಲ್ಲ ಕಿತ್ತುಹಾಕಿದಳು. ಮ್ಯೂಸಿಕ್ಕೂ ಹೋಯಿತು. ಶೂಟಿಂಗ್ ದಿನ ಆಫ್ ಮಾಡಲು ಮರೆತು ರೆಕಾರ್ಡ್ ಆಗಿದ್ದ ಖಾಲಿ ಅಡುಗೆಮನೆಯನ್ನು ಸೇರಿಸಿದಳು. ಸಾರು ಕುದಿಯುವ ಸದ್ದು. ಆಮೇಲೆ ಮೌನ.

ಮಾರನೇ ಬೆಳಗ್ಗೆ ಅಕ್ಕಿಹೆಬ್ಬಾಳಿಗೆ ಹೋಗಿ ಅಕ್ಕನಿಗೇ ತೋರಿಸಿದೆವು.

"ನನ್ ಪಾರ್ಟ್ ಎಲ್ಲಿ ಕಣಮ್ಮಿ?" ಎಂದು ಮಗಳ ಮೇಲೆ ರೇಗಿದಳು. ಖಾಲಿ ಅಡುಗೆಮನೆ ಬಂದಾಗ ಕಾಲು ಮೇಲಕ್ಕೆಳೆದುಕೊಂಡಳು. ಮುಗಿದ ಮೇಲೂ ಏಳಲಿಲ್ಲ. ಸಿಂಧು ಅಮ್ಮನ ಮುಖವನ್ನೇ ನೋಡಿದಳು. ತಕ್ಷಣ ಕಾಲೇಜಿನ ಮೇಡಂಗೆ ಮೆಸೇಜ್ ಹಾಕಿದಳು, ಇನ್ನೊಂದು ಸಲ ಹಾಲ್ ಬೇಕು ಅಂತ.

"ಕಾಫಿ ಕೊಡಾಕಿಲ್ವಾ ಅಕ್ಕ?" ಅಂದೆ.

"ನೀನೇ ಒಳೀಕ್ ಓಗಿ ಕಾಸ್ಕೊ."

"ನಿನ್ ಅಡುಗೆಮನೆ ತಾನೆ? ಅಂಥಾದ್ದೇನ್ ಕಾಣ್ತು ಅಲ್ಲಿ?"

"ಏನೂ ಕಾಣ್ನಿಲ್ಲ ಕಣ್ಲಾ. ಅದ್ಕೇ ಬಯ."