ಉನೈಸಿಯ ಇವತ್ತಿನ ಕಡಲು

ಬೆಳಗಿನ ಐದೂವರೆ. ನವೈಲೇಕದ ದಂಡೆಯಲ್ಲಿ ಮಗುಚಿ ಹಾಕಿದ ದೋಣಿಯ ಬೆನ್ನ ಮೇಲೆ ಉನೈಸಿ ಕೂತಿದ್ದಾಳೆ. ಮಡಿಲಲ್ಲಿ ಫೋನು, ಪಕ್ಕದಲ್ಲಿ ನಿನ್ನೆ ಬೇಯಿಸಿದ ಮರಗೆಣಸು. ಊರಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಈ ದೋಣಿಯ ಮೇಲೆ, ಇಲ್ಲವೇ ಚರ್ಚಿನ ಮೆಟ್ಟಿಲ ಮೇಲೆ. ಮೆಟ್ಟಿಲ ಮೇಲೆ ಕೂತರೆ ಪಾದ್ರಿಯ ಹೆಂಡತಿ ಬಿಡುವುದಿಲ್ಲ. "ದೇವರ ಹತ್ರ ಬಂದ್ಯಾ, ಫೋನಿನ ಹತ್ರ ಬಂದ್ಯಾ?" ಎಂದು ಕೇಳಿಯೇ ಕೇಳುತ್ತಾಳೆ.

ಉನೈಸಿ ಬೆಳಕಿಗಾಗಿ ಕಾಯುತ್ತಿದ್ದಾಳೆ. ಒಂದು ಚಿತ್ರ ತೆಗೆಯಬೇಕು, ಐದು ಸಾಲು ಬರೆಯಬೇಕು, ಆರರೊಳಗೆ ಊರಿನ ವೆಬ್‌ಸೈಟಿಗೆ ಹಾಕಬೇಕು. ನಾಲ್ಕು ವರ್ಷದಿಂದ ಇದೇ ಕೆಲಸ. ಇವತ್ತಿನ ಬೆಳಗು ಮಾತ್ರ ಬೇರೆ. ಊರಿನ ಒಡೆಯ ರಾತು ಇನೋಕೆ ತೀರಿಕೊಂಡು ನಿನ್ನೆಗೆ ನೂರು ರಾತ್ರಿ ಆಯಿತು. ಅಷ್ಟೂ ದಿನ ಹವಳದ ದಿಬ್ಬದ ಮೇಲೆ ಗರಿ ಕಟ್ಟಿದ ಕಂಬ ನಿಂತಿತ್ತು. ಅದು ನಿಂತಿರುವವರೆಗೆ ಆ ನೀರಿಗೆ ಯಾರೂ ಬಲೆ ಹಾಕುವಂತಿಲ್ಲ. ಸತ್ತ ಒಡೆಯನಿಗೆ ಊರು ಸಲ್ಲಿಸುವ ಮರ್ಯಾದೆ ಅದು. ಇವತ್ತು ಕಂಬ ಕೀಳುತ್ತಾರೆ, ಹೆಂಗಸರು ನೀರಿಗಿಳಿಯುತ್ತಾರೆ.

"ನಂಗೆ ಭಯ" ಎನ್ನುತ್ತಾಳೆ ಉನೈಸಿ. ಯಾರ ಭಯ ಎಂದು ಹೇಳುವುದಿಲ್ಲ. ಅವಳ ಕಣ್ಣು ದಂಡೆಯಿಂದ ನಾಲ್ಕನೆಯ ಮನೆಯ ಕಡೆಗಿದೆ.

ವೆಬ್‌ಸೈಟು ಶುರು ಮಾಡಿದ್ದು ಶಾಲೆಯ ಮೇಷ್ಟರು. ಊರಿನ ಇತಿಹಾಸ, ಚರ್ಚಿನ ಚಿತ್ರ, ಕೆಳಗೊಂದು ಕ್ರಿಸ್‌ಮಸ್ ಶುಭಾಶಯ ಹಾಕಿದರು, ವರ್ಗವಾಗಿ ಹೋದರು. ರಾಜಧಾನಿ ಸುವಾದ ಅಚ್ಚುಮನೆಯಲ್ಲಿ ಹನ್ನೊಂದು ವರ್ಷ ಅಕ್ಷರ ಜೋಡಿಸಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಉನೈಸಿ ಮರಳಿ ಬಂದಾಗ ಅದು ಹಾಗೇ ನಿಂತಿತ್ತು. "ಜೂನ್ ತಿಂಗಳಲ್ಲೂ ಹ್ಯಾಪಿ ಕ್ರಿಸ್‌ಮಸ್ ಅಂತಿತ್ತು. ಯಾವಾಗ ಬಾಗಿಲು ತಟ್ಟಿದ್ರೂ ಅದೇ ಮುಖ, ಅದೇ ಮಾತು ಅಂದ್ರೆ ಆ ಮನೆಗೆ ಯಾರು ಮತ್ತೆ ಬರ್ತಾರೆ ಹೇಳಿ?"

ಅವಳು ದಿನಕ್ಕೊಂದು ಹಾಕತೊಡಗಿದಳು. ಯಾರ ಹಂದಿ ಯಾರ ಗೆಡ್ಡೆಯ ತೋಟಕ್ಕೆ ನುಗ್ಗಿತು, ಯಾರ ಮಗು ಹೆಜ್ಜೆ ಇಟ್ಟಿತು, ಹಲಸಿನ ಜಾತಿಯ ಆ ದೊಡ್ಡ ಮರ ಈ ಸಲ ಎಷ್ಟು ಕಾಯಿ ಬಿಟ್ಟಿದೆ, ಬುಧವಾರದ ದೋಣಿಯಲ್ಲಿ ಯಾರು ಬಂದಿಳಿದರು. ಮೊದಲ ವಾರ ದಿನಕ್ಕೆ ಒಂಬತ್ತು ಜನ ನೋಡಿದರು. ಹೋದ ವರ್ಷ ದಿನಕ್ಕೆ ನಾನೂರು. ಊರಲ್ಲಿರುವವರು ನೂರೆಂಬತ್ತೇ ಜನ. ಉಳಿದವರೆಲ್ಲ ಸುವಾ, ಆಕ್ಲೆಂಡ್, ಸಿಡ್ನಿಯವರು. ಸಿಡ್ನಿಯ ವೃದ್ಧಾಶ್ರಮಗಳಲ್ಲಿ ರಾತ್ರಿಪಾಳಿ ಮಾಡುವ ಊರಿನ ಹೆಣ್ಣುಮಕ್ಕಳೇ ಮೂವತ್ತು ಜನ ಇದ್ದಾರೆ.

"ಇಲ್ಲಿ ಆರು ಗಂಟೆ ಅಂದ್ರೆ ಅಲ್ಲಿ ನಾಲ್ಕು. ಯಾರದೋ ಅಜ್ಜಿಯ ಮಗ್ಗುಲು ಬದಲಿಸಿ, ಟೀ ಹಿಡ್ಕೊಂಡು ಒಂದು ಕಡೆ ಕೂತ್ಕೋತಾರೆ. ಆವಾಗ ನಮ್ಮೂರು ನೋಡ್ತಾರೆ. ಅವರಿಗೆ ಹಳಸಿದ್ದು ಹಾಕೋಕಾಗತ್ತಾ?"

ಉನೈಸಿ ಹಳಸಿದ್ದನ್ನೂ ಹಾಕಿದ್ದಾಳೆ. ಒಂದೇ ಒಂದು ದಿನ.

ಅವಳ ಫೋನಿನಲ್ಲಿ 'ಹೊಗೆಮೀನು' ಎಂಬ ಕಡತವೊಂದಿತ್ತು. ಮಳೆಗಾಲಕ್ಕೆಂದು ಒಲೆಯ ಮೇಲೆ ಮೀನು ಒಣಗಿಸಿಡುವ ಹಾಗೆ, ಏನೂ ಸಿಗದ ದಿನಕ್ಕೆಂದು ಎತ್ತಿಟ್ಟ ಚಿತ್ರಗಳು ಅದರಲ್ಲಿದ್ದವು. ಕಡಲು ಮುಚ್ಚಿದ ಮೇಲೆ ಮೀನಿನ ಚಿತ್ರಗಳಿಲ್ಲ. ನೋಡುವವರು ನಾನೂರರಿಂದ ಇನ್ನೂರೈವತ್ತಕ್ಕೆ ಇಳಿದರು. ಆ ಇಳಿಕೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಅರವತ್ತೆರಡನೆಯ ದಿನ ಮೈಸುಡುವ ಜ್ವರ, ಹೊರಗೆ ಮಳೆ. ಮುಸುಕಿನೊಳಗಿಂದಲೇ ಹಳೆಯದೊಂದು ಚಿತ್ರ ಆರಿಸಿದಳು: ಸೊಂಟದವರೆಗೆ ನೀರಲ್ಲಿ ನಿಂತು ಬಲೆ ಎತ್ತಿ ನಗುತ್ತಿರುವ ಮೆರೆವಾಲೇಸಿ. ಕೆಳಗೆ 'ಇಂದು ಬೆಳಿಗ್ಗೆ ನಮ್ಮ ಕಡಲು' ಎಂದು ಬರೆದು, ಕತ್ತಲಲ್ಲೇ ದೋಣಿಯ ತನಕ ಹೋಗಿ ಹಾಕಿ, ಬಂದು ಮಲಗಿಬಿಟ್ಟಳು.

ಮೆರೆವಾಲೇಸಿ ಉನೈಸಿಯ ಸೋದರಮಾವನ ಮಗಳು. ಈ ದ್ವೀಪದಲ್ಲಿ ಅಂಥವರು ಒಬ್ಬರಿಗೊಬ್ಬರು ಅತ್ತಿಗೆಯರು. ಎದುರಾದಾಗ ಕಾಲೆಳೆಯದಿದ್ದರೆ ಅದೇ ಅವಮಾನ. ಉನೈಸಿ ದೋಣಿಯ ಮೇಲೆ ಕೂತಿದ್ದು ಕಂಡರೆ ಸಾಕು, "ಏನೇ ಅತ್ತಿಗೆ, ಮೊಟ್ಟೆ ಇಟ್ಯಾ ಇನ್ನೂ ಇಲ್ವಾ?" ಎಂಬ ಕೂಗು ಆ ನಾಲ್ಕನೆಯ ಮನೆಯಿಂದ ಬರುತ್ತಿತ್ತು.

ಚಿತ್ರ ಹಾಕಿದ ದಿನ ಎಂಟು ಗಂಟೆಗೆ ಆಕ್ಲೆಂಡಿನಿಂದ ಸತ್ತ ಒಡೆಯನ ತಂಗಿ ಊರಿನ ಮುಖ್ಯಸ್ಥ ಅಪಕೂಕಿಗೆ ಅಳುತ್ತಾ ಫೋನು ಮಾಡಿದಳು. "ನನ್ನ ಅಣ್ಣ ಮಣ್ಣಲ್ಲಿ ಆರೋಕೆ ಮುಂಚೆ ಅವನ ನೀರಲ್ಲಿ ಬಲೆ ಹಾಕಿ ಹಲ್ಲು ಕಿರೀತಾಳಲ್ಲ, ಅವಳ್ಯಾರು?" ಅಪಕೂಕಿ ಇಬ್ಬರು ಹಿರಿಯರನ್ನು ಕರೆದುಕೊಂಡು ನಾಲ್ಕನೆಯ ಮನೆಗೆ ಹೋದ. ಮೆರೆವಾಲೇಸಿ ತೆಂಗಿನಕಾಯಿ ತುರಿಯುತ್ತಿದ್ದಳು. ಕಡಲಿಗೆ ಇಳಿದಿಲ್ಲ ಎಂದಳು. ಅವರು ಫೋನು ಹಿಡಿದರು. ಅದೇ ಮುಖ, ಅವಳು ಆ ಹೊತ್ತು ಉಟ್ಟಿದ್ದ ಅದೇ ನೀಲಿ ಹೂವಿನ ಬಟ್ಟೆ. ಮೆರೆವಾಲೇಸಿಯ ಅತ್ತೆ ಎದ್ದು ಒಳಗೆ ಹೋದಳು. ಸತ್ತವನ ಮನೆಗೆ ಅಡುಗೆ ಕಳಿಸುವ ಮೆರೆವಾಲೇಸಿಯ ಸರದಿಯನ್ನು ಅಂದೇ ಬೇರೆಯವರಿಗೆ ಕೊಟ್ಟರು.

ಇದಾವುದೂ ಗೊತ್ತಿಲ್ಲದ ಉನೈಸಿ ಎದ್ದಿದ್ದು ಮಧ್ಯಾಹ್ನ ಎರಡಕ್ಕೆ. ಕೊಡೆ ಹಿಡಿದು ದೋಣಿಯ ಹತ್ತಿರ ಬಂದು ಫೋನು ನೋಡಿದಳು. ಒಂಬೈನೂರು ಜನ ಬಂದುಹೋಗಿದ್ದರು.

"ಖುಷಿಯಾಯ್ತು ನಂಗೆ." ಅವಳು ಮರಗೆಣಸಿನ ನಾರು ಬಿಡಿಸುತ್ತಾ, ತಲೆ ಎತ್ತದೆ ಹೇಳುತ್ತಾಳೆ. "ಚಿತ್ರ ಹಾಕಿದ್ದು ಜ್ವರದಲ್ಲಿ ಅಂತ ಹೇಳ್ಕೋಬಹುದು. ಆದ್ರೆ ಆ ಒಂಬೈನೂರು ನೋಡಿ ಖುಷಿಪಟ್ಟಾಗ ಜ್ವರ ಇಳಿದಿತ್ತಲ್ಲ. ಅವಳನ್ನ ಬೀದಿಗೆ ತಂದು ನಿಲ್ಲಿಸಿದ್ರು, ಇಲ್ಲಿ ನಾನು ಜಾತ್ರೆ ಲೆಕ್ಕ ಹಾಕ್ತಿದ್ದೆ. ಯಾರಿಗೂ ಹೇಳಿಲ್ಲ ಇದನ್ನ. ಅವಳಿಗೂ ಹೇಳಿಲ್ಲ."

ಆಮೇಲೆ ಜನ ಬರೆದದ್ದನ್ನು ಓದಿದಳು. ಅಂದು ಸಂಜೆಯೇ, ತಪ್ಪೊಪ್ಪಿಕೊಳ್ಳುವಾಗ ಇಲ್ಲಿನವರು ಒಯ್ದು ಒಪ್ಪಿಸುವ ಯಂಗೋನಾ ಬೇರಿನ ಕಟ್ಟು ಹಿಡಿದು ಅಣ್ಣನ ಹಿಂದೆ ಹೊರಟಳು. ಮೊದಲು ಅಪಕೂಕಿಯ ಮನೆ, ಆಮೇಲೆ ನಾಲ್ಕನೆಯ ಮನೆ. ಅಣ್ಣ ಕ್ಷಮೆಯ ಮಾತು ಆಡಿದ. ಅವಳು ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದಳು. ಬೇರಿನ ಕಟ್ಟನ್ನು ಮುಟ್ಟಿ ಸ್ವೀಕರಿಸಿದರು. ಕ್ರಮದ ಪ್ರಕಾರ ಅಲ್ಲಿಗೆ ಮುಗಿಯಿತು. ಮುಗಿಯಲಿಲ್ಲ ಎಂದು ಉನೈಸಿಗೆ ತಿಳಿದದ್ದು ಮಾರನೆಯ ಬೆಳಿಗ್ಗೆ. ನೀರಿನ ನಲ್ಲಿಯ ಬಳಿ ಮೆರೆವಾಲೇಸಿ ಪಕ್ಕಕ್ಕೆ ಸರಿದು, "ಮೊದಲು ನೀವು ಹಿಡ್ಕೊಳ್ಳಿ" ಎಂದಳು.

"ನೀವು ಅಂದ್ಲು! ನಲವತ್ತು ವರ್ಷದಲ್ಲಿ ನನ್ನ ಕತ್ತೆ ಅಂದಿದಾಳೆ, ಒಣಗಿದ ಸೌತೆಕಾಯಿ ಅಂದಿದಾಳೆ. ಜುಟ್ಟು ಹಿಡಿದು ಎರಡು ಬಿಟ್ಟಿದ್ರೆ ನಿದ್ದೆ ಬರ್ತಿತ್ತು."

ಉನೈಸಿ ಹೊಗೆಮೀನಿನ ಕಡತ ಅಳಿಸಿಹಾಕಿದಳು. ಅವತ್ತಿನಿಂದ ಪ್ರತಿದಿನ ಪುಟದ ಮೇಲ್ತುದಿಯಲ್ಲಿ ಒಂದೇ ಸಾಲು: 'ಆ ಚಿತ್ರ ಹೋದ ವರ್ಷದ್ದು. ಮೆರೆವಾಲೇಸಿ ಕಡಲಿಗೆ ಇಳಿದಿರಲಿಲ್ಲ. ತಪ್ಪು ಉನೈಸಿಯದು.' ಅದರ ಕೆಳಗೆ ಅವತ್ತಿನದೇ ಚಿತ್ರ. ಮಳೆಯಾದರೆ ಮಳೆ, ಖಾಲಿ ದಂಡೆಯಾದರೆ ಖಾಲಿ ದಂಡೆ. ನೋಡುವವರು ದಿನಕ್ಕೆ ನೂರತೊಂಬತ್ತಕ್ಕೆ ಬಂದು ನಿಂತಿದ್ದಾರೆ.

ಆರಕ್ಕೆ ಕಂಬದ ಚಿತ್ರ ಹಾಕಿಯಾಗಿದೆ. ಎಂಟು ಗಂಟೆಯ ಹೊತ್ತಿಗೆ ನೀರು ಇಳಿದಿದೆ. ಪ್ರಾರ್ಥನೆ ಮುಗಿಸಿ ಅಪಕೂಕಿ ಕಂಬ ಕಿತ್ತ ತಕ್ಷಣ ಹೆಂಗಸರು ಕೂಗುತ್ತಾ ನೀರಿಗೆ ನುಗ್ಗುತ್ತಾರೆ. ಉನೈಸಿ ಮೊಣಕಾಲು ನೀರಿನಲ್ಲೇ ನಿಂತುಬಿಡುತ್ತಾಳೆ. ಮೊದಲ ಬುಟ್ಟಿ ತುಂಬಿಸಿಕೊಂಡು ಬರುವವಳು ಮೆರೆವಾಲೇಸಿ. ಅದು ಒಡೆಯನ ಮನೆಗೆ ಹೋಗಬೇಕಾದ ಬುಟ್ಟಿ.

"ಒಂದು ಚಿತ್ರ ತೆಗೀಲಾ?" ಉನೈಸಿಯ ದನಿ ಅವಳಿಗೇ ಕೇಳಿಸುವುದಿಲ್ಲ. "ಬೇಡ ಅಂದ್ರೆ ಬೇಡ."

ಮೆರೆವಾಲೇಸಿ ನಿಲ್ಲುತ್ತಾಳೆ. ಬುಟ್ಟಿಯಿಂದ ಒದ್ದಾಡುವ ಮೀನೊಂದನ್ನು ಎತ್ತಿ ಉನೈಸಿಯ ಮೂಗಿಗೇ ಒತ್ತುತ್ತಾಳೆ. "ಮೊದ್ಲು ಮೂಸಿ ನೋಡೇ. ಇವತ್ತಿಂದಾ, ಹೋದ ವರ್ಷದ್ದಾ?"

ಹಿಂದಿದ್ದ ಹೆಂಗಸರು ಹೋ ಎಂದು ನಗುತ್ತಾರೆ. ಉನೈಸಿ ಮೂಗಿಗಂಟಿದ ಲೋಳೆ ಒರೆಸಿಕೊಳ್ಳದೆ ನಿಂತಿದ್ದಾಳೆ.

"ಮತ್ತೆ ಆ ಮೇಲಿನ ಸಾಲು ತೆಗಿ" ಎನ್ನುತ್ತಾಳೆ ಮೆರೆವಾಲೇಸಿ, ಬುಟ್ಟಿಯನ್ನು ಸೊಂಟಕ್ಕೇರಿಸುತ್ತಾ. "ಮೂವತ್ತೆಂಟು ದಿನದಿಂದ ಅದೇ. ಓದಿ ಓದಿ ಸಾಕಾಯ್ತು. ಹೊಸದೇನಾದ್ರೂ ಬರಿಯೇ ಅತ್ತಿಗೆ."

ಅವಳು ದಂಡೆ ಹತ್ತಿ ಹೋದ ಮೇಲೆ ಉನೈಸಿ ದೋಣಿಗೆ ಮರಳಿ ಕೂರುತ್ತಾಳೆ. ಫೋನು ತೆರೆಯುತ್ತಾಳೆ.

"ದಿನಕ್ಕೆ ನೂರತೊಂಬತ್ತು ಜನ ಅಂತ ತೋರಿಸ್ತಿತ್ತು" ಎನ್ನುತ್ತಾಳೆ. "ಅದರಲ್ಲಿ ಒಬ್ಬಳು ಆ ನಾಲ್ಕನೇ ಮನೆಯಿಂದ ಬರ್ತಿದ್ಲು ಅಂತ ನಂಗೆ ಗೊತ್ತೇ ಇರ್ಲಿಲ್ಲ."