ಬಲಕ್ಕೆ ಎಳೆಯದ ಮಸ್ತಾನಸಾಬ

ಶಹಾಪುರದ ಮಸ್ತಾನಸಾಬ ಬಹಳ ವರ್ಷಗಳಿಂದ ಬಾಡಿಗೆ ವ್ಯಾನು ಓಡಿಸುತ್ತಾನೆ. ದೊಡ್ಡ ಗಾಡಿ, ಸ್ವಂತದ್ದು. ಮದುವೆ, ಆಸ್ಪತ್ರೆ, ಕೋರ್ಟು, ಯಾವುದಕ್ಕಾದರೂ ಸುತ್ತಲಿನ ಊರಿನವರು ಅವನನ್ನೇ ಕರೆಯುತ್ತಾರೆ. ಆದರೂ ಅವನ ಮೇಲೆ ಒಂದು ದೂರು ಇದ್ದೇ ಇದೆ: ಗಾಡಿಯ ಟಾಪ್ ಮೇಲೆ ಒಂದು ಚೀಲವನ್ನೂ ಹಾಕಗೊಡುವುದಿಲ್ಲ. ಹಿಂದೊಮ್ಮೆ ಕೊಂಕಲ್ ಹತ್ತಿರ ಮಗುಚಿ ಬಿದ್ದ ವ್ಯಾನಿನಿಂದ ಜನರನ್ನು ಹೊರಗೆಳೆದವರಲ್ಲಿ ಅವನೂ ಒಬ್ಬ. ಅದರ ಟಾಪ್ ಮೇಲೆ ಜೋಳದ ಚೀಲ ಪೇರಿಸಿದ್ದರು. ಒಬ್ಬ ಹೆಂಗಸು ಅವನ ಕೈಯಲ್ಲೇ ಜೀವ ಬಿಟ್ಟಳು.

ಹೋದ ವರ್ಷ ರಾಮಸಮುದ್ರದ ಶಿವರಾಜನ ಮಗಳ ಮದುವೆ ಸುರಪುರದಲ್ಲಿತ್ತು. ಬೆಳಿಗ್ಗೆ ಗಾಡಿ ಬಂದು ನಿಂತಾಗ ಮಗಳ ಜೊತೆ ಕಳಿಸುವ ತಿಜೂರಿ, ಪಲ್ಲಂಗ, ಹಿತ್ತಾಳೆ ಕೊಡ ಎಲ್ಲ ಅಂಗಳದಲ್ಲಿ ಸಿದ್ಧವಾಗಿದ್ದವು.

“ಮ್ಯಾಲ ಹಾಕಿ ಹಗ್ಗ ಬಿಗದ್ರಾತು,” ಎಂದ ಶಿವರಾಜ.

“ಆಗಂಗಿಲ್ರಿ. ಮ್ಯಾಲ ಭಾರ ಆದ್ರ ಗಾಡಿ ತಿರುವಿನ್ಯಾಗ ಮಗ್ಗಲಿಗೆ ವಾಲ್ತದ. ಸಾಮಾನಿಗೆ ಬ್ಯಾರೆ ಗಾಡಿ ಮಾಡ್ರಿ.”

ಶಿವರಾಜನ ತಾಯಿ ಹಂಪಮ್ಮ ಸಿಟ್ಟಾದಳು. “ಮದಿವಿ ಮನಿ ಮುಂದ ನಿಂತು ಒಲ್ಲೆ ಅಂತೀಯಲ್ಲೋ ಮಸ್ತಾನ! ತಡಾ ಆದ್ರ ಬೀಗರಿಗೆ ನೀ ಜವಾಬು ಕೊಡ್ತೀಯೇನು?”

“ಬೈರಿ ಯವ್ವಾ, ಬೈಸ್ಕೋತೀನಿ. ಸಾಮಾನಂತೂ ಏರ್ಸಂಗಿಲ್ಲ.”

ಸಾಮಾನಿಗೆ ಬೇರೆ ಟೆಂಪೊ ಹುಡುಕಿ ತರುವಷ್ಟರಲ್ಲಿ ಹೊತ್ತು ಏರಿತು. ಹಿಂದಿನ ಸೀಟಿನಲ್ಲಿ ಒತ್ತಾಗಿ ಕೂತಿದ್ದವರನ್ನೂ, ಹಿಂದೆ ಭಾರ ಹೆಚ್ಚಾಗದಂತೆ, ಅವನು ಎಬ್ಬಿಸಿ, ಮುಂದಿನ ಖಾಲಿ ಸೀಟುಗಳಲ್ಲಿ ಕೂಡಿಸಿದ. ಹಂಪಮ್ಮ ಮುಖ ತಿರುವಿಕೊಂಡೇ ಕೂತಳು.

ಶಹಾಪುರ ದಾಟಿದ ಮೇಲೆ ಎದುರಿನಿಂದ ಒಂದು ಲಾರಿ ಬಸ್ಸನ್ನು ಓವರ್‌ಟೇಕ್ ಮಾಡುತ್ತ ಇವರ ಮೇಲೆಯೇ ಬಂತು. ಮಸ್ತಾನಸಾಬ ಎಡಕ್ಕೆ ಸರಿದ. ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಎರೆಮಣ್ಣಿಗಿಳಿದವು. ಲಾರಿ ಪಕ್ಕದಲ್ಲೇ ಹಾದುಹೋಯಿತು, ಗಾಡಿ ಓರೆಯಾಯಿತು.

“ಬಲಕ್ಕ ಎಳಿ, ಬಲಕ್ಕ ಎಳಿ!” ಶಿವರಾಜ ಕೂಗಿದ.

ಮಸ್ತಾನಸಾಬ ಎಳೆಯಲಿಲ್ಲ. ಗಾಬರಿಯಲ್ಲಿ ಒಮ್ಮೆಲೇ ಎಳೆದರೆ ಗಾಲಿ ಡಾಂಬರಿನ ಅಂಚಿಗೆ ತಡೆದು, ಮೇಲೆ ಹತ್ತುತ್ತಲೇ ಗಾಡಿ ಉರುಳುತ್ತದೆ. ಬ್ರೇಕನ್ನೂ ಜೋರಾಗಿ ತುಳಿಯಲಿಲ್ಲ. ಎಕ್ಸಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೆಟ್ಟಗೆ ಹಿಡಿದ. ಗಾಡಿ ಕುಲುಕುತ್ತ ಓಡಿ, ಮೆಲ್ಲಗಾಗಿ, ಹತ್ತಿಯ ಹೊಲದ ಬದುವಿನ ಪಕ್ಕ ನಿಂತಿತು.

ಯಾರಿಗೂ ಏನೂ ಆಗಿರಲಿಲ್ಲ. ಮಸ್ತಾನಸಾಬ ಕೆಳಗಿಳಿದು ಗಾಲಿ ನೋಡಿದ. ಆಮೇಲೆ ಬದುವಿನ ಮೇಲೆ ಕೂತುಬಿಟ್ಟ. ಹಂಪಮ್ಮ ಇಳಿದು ಬಂದು ನೀರಿನ ಬಾಟಲಿ ಚಾಚಿದಳು.

“ಕುಡಿಯಪ್ಪಾ. ಸ್ವಲ್ಪ ದಮ್ಮು ತಗೊ. ಗಡಿಬಿಡಿ ಏನಿಲ್ಲ.”

ಸುರಪುರ ಮುಟ್ಟಿದಾಗ ತಡವಾಗಿಯೇ ಇತ್ತು. ಬೀಗರು ಗೊಣಗಿದರು, ಹಂಪಮ್ಮನೇ ಉತ್ತರ ಕೊಟ್ಟಳು. ಊಟದ ಪಂಕ್ತಿಯಲ್ಲಿ ಮಸ್ತಾನಸಾಬನನ್ನು ತನ್ನ ಮಗ್ಗುಲಲ್ಲಿ ಕೂಡಿಸಿಕೊಂಡಳು. ಅವನಿಗೆ ಅಂದು ಅನ್ನ ಸೇರಲಿಲ್ಲ. ನಾಲ್ಕು ತುತ್ತು ತಿಂದು ಎದ್ದು, ಬೇವಿನ ನೆರಳಲ್ಲಿ ಟವೆಲ್ಲು ಹಾಸಿಕೊಂಡು ಸಂಜೆಯವರೆಗೂ ಮಲಗಿಬಿಟ್ಟ.