ಗೇಟು ಮುಟ್ಟದ ಹೂವಿನವರು

ಆ ಬೆಳಿಗ್ಗೆಯೂ ನಾನು ಹಾಲು ಕಾಯಿಸುವ ಹೊತ್ತಿಗೆ ಹೂವಿನವರ ಸೈಕಲ್ ಗಂಟೆ ಕೇಳಿಸಿತು. ನಮ್ಮ ಗೇಟಿಗೆ ಚಿಲಕವಿಲ್ಲ. ಆದರೂ ಅವರು ಅದನ್ನು ಎಂದೂ ಮುಟ್ಟಿದವರಲ್ಲ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಪಡಿಸುತ್ತಾ, "ತೆಗೀರಿ ಅಕ್ಕಾರೆ" ಎಂದು ಕಾಯುತ್ತಿದ್ದರು. "ನೂಕಿದ್ರೆ ಸಾಕು, ಬರ್ರಿ" ಎಂದರೆ ನಕ್ಕು ಅಲ್ಲೇ ನಿಲ್ಲುತ್ತಿದ್ದರು.

ಹಿಂದಿನ ಸಂಜೆ ಪಕ್ಕದ ಮನೆಯವರು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹೂವಿನವರ ಫೋಟೊ ಹಾಕಿದ್ದರು: ಕೊಲೆ ಮಾಡಿ ಜೈಲಿಗೆ ಹೋಗಿ ಬಂದವನು, ಎಚ್ಚರ. ಪಕ್ಕದ ಮನೆಯವರಿಗೆ ಇಬ್ಬರು ಹೆಣ್ಣುಮಕ್ಕಳು. ಆ ಭಯವನ್ನು ಸುಳ್ಳೆನ್ನಲಾರೆ.

ಬೀದಿಯಲ್ಲಿ ಬೇರೆ ಯಾವ ಗೇಟೂ ತೆರೆಯಲಿಲ್ಲ. ನಾನು ತೆರೆದೆ. ಅವರು ತಲೆ ಎತ್ತದೆ ಮಲ್ಲಿಗೆ ಅಳೆಯತೊಡಗಿದರು.

"ಗೊತ್ತಾತೇನ್ರಿ ಅಕ್ಕಾರೆ? ಶಿಕ್ಷೆ ಮುಗಿಸೇ ಬಂದೀನ್ರಿ. ಅಲ್ಲಿ ಬಾಗಿಲು ನಾವು ತೆಗಿಯಂಗಿಲ್ಲ, ಆ ರೂಢಿ ಇನ್ನೂ ಹೋಗಿಲ್ಲ. ಹರಿಹರದಾಗೂ ಹಿಂಗೇ ಆತು. ಗೊತ್ತಾದ ಮ್ಯಾಲೆ ಯಾರೂ ಹೂವು ತಗಳಲ್ಲ."

ಎಂದಿನಂತೆ ಮೊಳದ ಮೇಲೆ ಒಂದು ಗೇಣು ಹೆಚ್ಚಿಗೆ ಬಿಟ್ಟು, ಹರಿದು ಕೊಟ್ಟರು. ಮಧ್ಯಾಹ್ನವೇ ಆವರಗೆರೆಯ ಅವರ ಬಾಡಿಗೆ ಕೋಣೆಯನ್ನೂ ಮಾಲೀಕರು ಖಾಲಿ ಮಾಡಿಸಿದರಂತೆ.

ಸಂಜೆ ಪಕ್ಕದ ಮನೆಯವರು ಕಾಂಪೌಂಡಿಗೆ ಒರಗಿ ಕೇಳಿದರು: "ನಾಳೆ ಶುಕ್ರವಾರ ಅಲ್ಲೇನ್ರಿ, ಹೂವಿಗೆ ಏನ್ ಮಾಡಾದು?"